ಫ್ಯಾನ್ ಊದುತ್ತಿದೆ, ಕಾವು ಮಾತ್ರ ಮಾತು ಕೇಳುತ್ತಿಲ್ಲ: ಇದ್ದಲು ಸ್ಮೋಕರ್‌ನ ಟೆಂಪರೇಚರ್ ಕಂಟ್ರೋಲರ್ ದೋಷ ಹುಡುಕುವುದು ಹೇಗೆ

ಬಳ್ಳಾರಿಯ ನಮ್ಮ ಮನೆ ಮಾಳಿಗೆ ಮೇಲೆ 200 ಲೀಟರಿನ ಒಂದು ಕಬ್ಬಿಣದ ಡ್ರಮ್ ಇದೆ. ಅದೇ ನಮ್ಮ ಸ್ಮೋಕರ್, ಇದ್ದಲಿನ ಕಾವು ಮತ್ತು ಹೊಗೆಯಲ್ಲಿ ಮಾಂಸವನ್ನು ನಿಧಾನಕ್ಕೆ ಬೇಯಿಸುವ ಒಲೆ. ತಳದಲ್ಲಿ ಇದ್ದಲಿನ ಬುಟ್ಟಿ, ಅದರ ಮೇಲೆ ನೀರಿನ ತಟ್ಟೆ, ಮೇಲೆ ಜಾಲರಿ. ಜಾಲರಿ ಮೇಲೆ ಕುರಿ ತೊಡೆ, ಕೋಳಿ, ಕೆಲವೊಮ್ಮೆ ತುಂಗಭದ್ರೆಯ ಮೀನು. ಕುರಿ ತೊಡೆಯಾದರೆ 110 ಡಿಗ್ರಿ ಕಾವಿನಲ್ಲಿ ಆರೇಳು ಗಂಟೆ ನಿಧಾನಕ್ಕೆ ಬೇಯಬೇಕು. ಅಷ್ಟು ಹೊತ್ತು ಪಕ್ಕದಲ್ಲೇ ಕೂತು ಗಾಳಿ ಕಿಂಡಿ ತೆರೆಯುತ್ತಾ ಮುಚ್ಚುತ್ತಾ ಇರಲು ಯಾರಿಂದಲೂ ಆಗುವುದಿಲ್ಲ. ಅದಕ್ಕೇ ಕಂಟ್ರೋಲರ್ ಬೇಕು.

ಅದರ ಕೆಲಸ ಸರಳ. ಡ್ರಮ್ಮಿನೊಳಗಿನ ಪ್ರೋಬ್ ಕಾವನ್ನು ಅಳೆಯುತ್ತದೆ. ನೀವು ಕೊಟ್ಟ ಅಂಕಿಗಿಂತ ಕಡಿಮೆ ಇದ್ದರೆ ಕಂಟ್ರೋಲರ್ ತಳದ ಕಿಂಡಿಯಲ್ಲಿರುವ ಫ್ಯಾನ್ ತಿರುಗಿಸುತ್ತದೆ. ಗಾಳಿ ಸಿಕ್ಕಿದ ಕೆಂಡ ಉರಿ ಹಿಡಿಯುತ್ತದೆ. ಕಾವು ಸಾಕಾದರೆ ಫ್ಯಾನ್ ನಿಲ್ಲುತ್ತದೆ. ಕಮ್ಮಾರನ ಕುಲುಮೆಯಲ್ಲಿ ತಿದಿ ಒತ್ತುವ ಹುಡುಗ ಮಾಡುವುದೂ ಇದನ್ನೇ. ಆ ಹುಡುಗ ಬೆಂಕಿ ಏರಿಸಬಲ್ಲ, ಇಳಿಸಲಾರ. ತಿದಿ ಒತ್ತುವುದನ್ನು ನಿಲ್ಲಿಸಿ ಸುಮ್ನೆ ಕಾಯಬಲ್ಲ, ಅಷ್ಟೇ. ಕಂಟ್ರೋಲರ್ ಕೂಡ ಹಾಗೆಯೇ. ಹೀಗಾಗಿ ನಾನು ನೋಡಿದ ತೊಂದರೆಗಳಲ್ಲಿ ಜಾಸ್ತಿ ಪಾಲು ಆ ಪುಟ್ಟ ಡಬ್ಬಿಯೊಳಗೆ ಇರಲೇ ಇಲ್ಲ. ಇದ್ದಲಲ್ಲಿ, ಬೂದಿಯಲ್ಲಿ, ಮುಚ್ಚಳದ ಸಂದಿಯಲ್ಲಿ ಇದ್ದವು. ಸೆಟ್ಟಿಂಗ್ ಬಟನ್ ಮುಟ್ಟುವ ಮುಂಚೆ ಅವನ್ನು ನೋಡಿ.

## ಕೈ ಹಾಕುವ ಮುಂಚೆ

ಇದ್ದಲು ಉರಿದರೆ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಸ್ಮೋಕರ್ ಯಾವಾಗಲೂ ಬಯಲಲ್ಲೇ ಇರಬೇಕು. ಮಳೆ ಬಂತೆಂದು ಕೋಣೆಯೊಳಗೆ, ಪಡಸಾಲೆಗೆ, ಬಾಗಿಲು ಮುಚ್ಚಿದ ತಗಡಿನ ಶೆಡ್ಡಿಗೆ ಎಳೆದು ತರಬೇಡಿ. ಕಿಂಡಿ ಮುಚ್ಚಿ ಬೆಂಕಿ ಆರಿಸಿದ ಡ್ರಮ್ ಕೂಡ ಗಂಟೆಗಟ್ಟಲೆ ಈ ಗಾಳಿ ಬಿಡುತ್ತಿರುತ್ತದೆ. ಹತ್ತಿರ ನಿಂತವರಿಗೆ ತಲೆನೋವು, ತಲೆಸುತ್ತು, ವಾಂತಿ ಬಂದ ಹಾಗೆ ಆದರೆ ಮೊದಲು ಅವರನ್ನು ಬಯಲಿಗೆ ಕರೆತನ್ನಿ. ಕೂಡಲೇ 108ಕ್ಕೆ ಫೋನ್ ಮಾಡಿ. ಸ್ಮೋಕರ್ ಏನಾಯಿತು ಅನ್ನುವುದನ್ನು ಆಮೇಲೆ ನೋಡಬಹುದು.

ಇನ್ನೊಂದು ಕರೆಂಟಿನ ವಿಷಯ. ಕೆಲವು ಕಂಟ್ರೋಲರ್ 12 ವೋಲ್ಟಿನವು. ಅವುಗಳ ವೈರು ನೀವೇ ನೋಡಬಹುದು. ಕೈಗಾರಿಕೆಗೆಂದು ಮಾರುವ ಚೌಕ ಡಬ್ಬಿಯ ಕಂಟ್ರೋಲರ್‌ಗೆ ಮಾತ್ರ ಹಿಂಬದಿಯಲ್ಲಿ ನೇರ 230 ವೋಲ್ಟ್ ಬರುತ್ತದೆ. ಪ್ಲಗ್ ಕಿತ್ತ ಮೇಲೆ ಮಾತ್ರ ಅದರ ಹಿಂಬದಿಗೆ ಕೈ ಹಾಕಿ. ಡ್ರಮ್ ಕಬ್ಬಿಣದ್ದು, ಮಾಳಿಗೆ ಒದ್ದೆ ಇರಬಹುದು. ಅರ್ಥಿಂಗ್ ಇಲ್ಲದ ಸಾಕೆಟ್ಟಿನಿಂದ ಲೈನ್ ಎಳೆಯಬೇಡಿ.

## ಡಿಸ್‌ಪ್ಲೇ ಹತ್ತುತ್ತಲೇ ಇಲ್ಲ

ಸಾಕೆಟ್ಟಿಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ. ಅದು ಚಾರ್ಜ್ ಆದರೆ ಸಾಕೆಟ್ ಸರಿ ಇದೆ. ಆಮೇಲೆ ಅಡಾಪ್ಟರ್. ಅದರ ಮೇಲೆ 12 ವೋಲ್ಟ್ ಎಂದು ಬರೆದಿದೆಯೇ, ಎಷ್ಟು ಆಂಪಿಯರ್ ಎಂದು ಓದಿ. ವೈಫೈ ಡಬ್ಬಿಯ ಅರ್ಧ ಆಂಪಿಯರ್ ಅಡಾಪ್ಟರ್ ಹಾಕಿದರೆ ಡಿಸ್‌ಪ್ಲೇ ಹತ್ತುತ್ತದೆ. ಫ್ಯಾನ್ ಶುರುವಾದ ಕೂಡಲೇ ಆರಿಹೋಗುತ್ತದೆ. ಹತ್ತಿ ಆರಿ, ಹತ್ತಿ ಆರಿ ಆಡುತ್ತಿದ್ದರೆ ಅನುಮಾನ ಅಡಾಪ್ಟರ್ ಮೇಲೇ ಇರಲಿ.

ಡಿಸ್‌ಪ್ಲೇ ಪೂರ್ತಿ ಕಪ್ಪಾಗಿದ್ದರೆ ಅದು ಬಿಸಿಲಿನ ಏಟು ಇರಬಹುದು. ಏಪ್ರಿಲ್ ಮಧ್ಯಾಹ್ನ ನಮ್ಮಲ್ಲಿ ನೆರಳಲ್ಲೇ 40 ಡಿಗ್ರಿ ದಾಟುತ್ತದೆ. ಬಿಸಿಲಿಗಿಟ್ಟ ಕಪ್ಪು ಡಬ್ಬಿಯೊಳಗೆ ಇನ್ನೂ ಜಾಸ್ತಿ. ಇಂಥ ಕಂಟ್ರೋಲರ್‌ಗಳಲ್ಲಿ ಹೆಚ್ಚಿನವು ಸುತ್ತಲಿನ ಗಾಳಿ 50 ಡಿಗ್ರಿ ಒಳಗಿರಲಿ ಎಂದು ಮಾಡಿದವು. ನೆರಳಿಗಿಟ್ಟು ಅರ್ಧ ಗಂಟೆ ಬಿಡಿ. ಒಂದು ಬುಟ್ಟಿ ಮಗುಚಿ ಹಾಕಿದರೂ ಸಾಕು, ಗಾಳಿಯಾಡುವಂತಿದ್ದರೆ.

## ಫ್ಯಾನ್ ಬಿಡದೆ ತಿರುಗುತ್ತಿದೆ, ಕಾವು ಏರುತ್ತಿಲ್ಲ

ಸಿರುಗುಪ್ಪದಿಂದ ನಮ್ಮ ಭಾವ ಫೋನ್ ಮಾಡಿ ಕೇಳುವುದು ಯಾವಾಗಲೂ ಇದನ್ನೇ. 80 ಡಿಗ್ರಿಗೆ ಬಂದು ನಿಂತುಬಿಟ್ಟಿದೆ, ಫ್ಯಾನ್ ಮಾತ್ರ ಗುಂಯ್ ಅನ್ನುತ್ತಿದೆ ಎಂದು. "ಭಾವ, ಮೊದಲು ಬೂದಿ ನೋಡ್ರಿ" ಎನ್ನುತ್ತೇನೆ. ಬಹಳ ಸಲ ಅಲ್ಲಿಗೇ ಮುಗಿಯುತ್ತದೆ.

ಬೂದಿ ಬುಟ್ಟಿಯ ತಳದ ಕಣ್ಣುಗಳನ್ನು ಮುಚ್ಚಿಬಿಡುತ್ತದೆ. ಫ್ಯಾನ್ ಊದುತ್ತದೆ, ಗಾಳಿ ಕೆಂಡಕ್ಕೆ ಮುಟ್ಟುವುದಿಲ್ಲ. ದಪ್ಪ ಕೈಗವಸು ಹಾಕಿಕೊಂಡು ಉದ್ದ ಸರಳಿನಿಂದ ಬುಟ್ಟಿಯನ್ನು ಎರಡು ಸಲ ಮೆಲ್ಲಗೆ ಅಲುಗಿಸಿ. ಐದು ನಿಮಿಷದಲ್ಲಿ ಅಂಕಿ ಮೇಲೇಳಲು ಶುರುವಾದರೆ ದೋಷ ಸಿಕ್ಕಿತು.

ಬೂದಿ ಸರಿ ಇದ್ದರೆ ಇದ್ದಲು ನೋಡಿ. ನಮ್ಮ ಕಡೆ ಸಿಗುವುದು ಹೆಚ್ಚಾಗಿ ಬಳ್ಳಾರಿ ಜಾಲಿಯ ಇದ್ದಲು. ಒಳ್ಳೆಯ ಇದ್ದಲು, ಗಟ್ಟಿ, ಕಾವು ಚೆನ್ನಾಗಿ ಹಿಡಿಯುತ್ತದೆ. ಆದರೆ ಚೀಲದ ತಳದಲ್ಲಿ ಪುಡಿ ಬಹಳ. ಚೀಲ ಎತ್ತಿ ಸುರಿದರೆ ಆ ಪುಡಿ ತುಂಡುಗಳ ನಡುವೆ ಕೂತು ಗಾಳಿದಾರಿ ಕಟ್ಟುತ್ತದೆ. ಮರಳು ಸೋಸುವ ಜರಡಿಯಲ್ಲಿ ಒಮ್ಮೆ ಆಡಿಸಿ, ನಿಂಬೆಹಣ್ಣಿಗಿಂತ ದೊಡ್ಡ ತುಂಡು ಮಾತ್ರ ಹಾಕಿ. ಮಳೆಗಾಲದಲ್ಲಿ ಇದ್ದಲು ತೇವ ಎಳೆದುಕೊಂಡಿರುತ್ತದೆ. ಹಚ್ಚಿದಾಗ ಚಟಪಟ ಸಿಡಿದು ಬಿಳಿ ಹೊಗೆ ಜಾಸ್ತಿ ಬಂದರೆ ತೇವವೇ. ಹಿಂದಿನ ದಿನ ಬಿಸಿಲಿಗೆ ಹರವಿದರೆ ಸರಿಹೋಗುತ್ತದೆ.

ಆಮೇಲೆ ಮೇಲಿನ ಕಿಂಡಿ. ಗಾಳಿ ಒಳಗೆ ಹೋಗಬೇಕಾದರೆ ಹೊಗೆ ಹೊರಗೆ ಬರಬೇಕು ಅಲ್ವಾ? ಮೇಲಿನ ಕಿಂಡಿ ಪೂರ್ತಿ ಮುಚ್ಚಿ ಕೆಳಗೆ ಫ್ಯಾನ್ ಹಾಕಿದವರನ್ನು ನೋಡಿದ್ದೇನೆ. ಹೊಗೆ ಒಳಗೇ ತಿರುಗಿ ಬೆಂಕಿ ಮಂಕಾಗುತ್ತದೆ. ಕಾಲು ಭಾಗವಾದರೂ ತೆರೆದಿಡಿ.

ಇಷ್ಟಾದರೂ ಏರದಿದ್ದರೆ ಫ್ಯಾನ್ ಬಾಯಿಗೆ ಅಂಗೈ ಹಿಡಿದು ನೋಡಿ. ಗಾಳಿ ಒಳಗೆ ಎಳೆದುಕೊಳ್ಳುತ್ತಿರಬೇಕು. ಹೊರಗೆ ಊದುತ್ತಿದ್ದರೆ ಫ್ಯಾನ್ ತಿರುಗುಮುರುಗಾಗಿ ಕೂತಿದೆ. ಎಳೆತವೇ ಇಲ್ಲದಿದ್ದರೆ ರೆಕ್ಕೆಗೆ ಧೂಳು, ಜಿಡ್ಡು ಮೆತ್ತಿಕೊಂಡಿರಬಹುದು. ಅದಿರು ಲಾರಿ ಓಡಾಡುವ ದಾರಿಯ ಪಕ್ಕ ಮನೆಯಿದ್ದರೆ ಕೆಂಪು ಧೂಳು ತಿಂಗಳೊಳಗೆ ರೆಕ್ಕೆ ಮುಚ್ಚುತ್ತದೆ. ಪ್ಲಗ್ ಕಿತ್ತು, ಒಣ ಬ್ರಷ್ಷಿನಿಂದ ಒರೆಸಿ.

ನಡುವೆ ಒಂದು ಎಚ್ಚರಿಕೆ. ಕಾವು ಏರುತ್ತಿಲ್ಲ ಎಂದು ಸೀಮೆಎಣ್ಣೆ, ಪೆಟ್ರೋಲ್ ಸುರಿಯಬೇಡಿ. ಬಿಸಿ ಡ್ರಮ್ಮಿನಲ್ಲಿ ಅದರ ಆವಿ ಒಮ್ಮೆಗೇ ಹೊತ್ತಿಕೊಂಡು ಮುಖಕ್ಕೆ ಬರುತ್ತದೆ.

## ಕಾವು ಏರಿಬಿಟ್ಟಿದೆ, ಇಳಿಯುತ್ತಿಲ್ಲ

ಜನ ಜಾಸ್ತಿ ಗಾಬರಿಯಾಗುವುದು ಇಲ್ಲಿ. 110 ಕೊಟ್ಟಿದ್ದೇವೆ, 160 ತೋರಿಸುತ್ತಿದೆ, ಫ್ಯಾನ್ ನಿಂತೇ ಇದೆ, ಆದರೂ ಏರುತ್ತಿದೆ.

ಮೊದಲು ಅಂಕಿಯನ್ನೇ ನೋಡಿ. ಅಮೆರಿಕದ ವಿಡಿಯೋ ನೋಡಿ ಕಲಿತವರು 225 ಎಂದು ಒತ್ತಿರುತ್ತಾರೆ. ಅವರು ಹೇಳುವುದು ಫ್ಯಾರನ್‌ಹೀಟ್. ನಮ್ಮ ಲೆಕ್ಕದಲ್ಲಿ ಅದು 107 ಡಿಗ್ರಿ. ಅವರ 250 ನಮಗೆ 121. ಕಂಟ್ರೋಲರ್ ಸೆಲ್ಸಿಯಸ್‌ನಲ್ಲಿದ್ದು ನೀವು 225 ಕೊಟ್ಟರೆ ಅದು ಹೇಳಿದ ಮಾತು ಕೇಳಿದೆ, ಮಾಂಸ ಸುಟ್ಟಿದೆ.

ಅಂಕಿ ಸರಿ ಇದ್ದರೆ ಗಾಳಿ ಬೇರೆಲ್ಲಿಂದಲೋ ಬರುತ್ತಿದೆ. ಇದನ್ನು ಹಿಡಿಯಲು ಒಂದು ಊದಿನಕಡ್ಡಿ ಸಾಕು. ಗಾಳಿ ಇಲ್ಲದ ಹೊತ್ತಲ್ಲಿ, ಬೆಂಕಿ ಉರಿಯುತ್ತಿರುವಾಗ, ಫ್ಯಾನ್ ನಿಲ್ಲಿಸಿ. ಹಚ್ಚಿದ ಕಡ್ಡಿಯನ್ನು ಡ್ರಮ್ಮಿನ ಕೆಳಭಾಗದ ಸಂದು, ಬೋಲ್ಟ್, ಬೂದಿ ತೆಗೆಯುವ ಬಾಗಿಲು, ಫ್ಯಾನ್ ಪೈಪಿನ ಸುತ್ತ ನಿಧಾನಕ್ಕೆ ಆಡಿಸಿ. ಹೊಗೆ ಎಲ್ಲಿ ಒಳಗೆ ಎಳೆದುಕೊಳ್ಳುತ್ತದೋ ಅಲ್ಲಿ ಸೋರುತ್ತಿದೆ. ಮೇಲಿನ ಮುಚ್ಚಳದ ಸಂದಿಯಲ್ಲಿ ಒಳಗಿನ ಹೊಗೆ ಹೊರಗೆ ಬರುತ್ತದೆ. ಅದು ಕಣ್ಣಿಗೇ ಕಾಣುತ್ತದೆ. ಮೇಲೆ ಸೋರಿದಷ್ಟು ಹೊಸ ಗಾಳಿ ಕೆಳಗಿನ ಸಂದಿಯಿಂದ ಎಳೆದುಕೊಳ್ಳುತ್ತದೆ. ಹಾಗಾಗಿ ಎರಡನ್ನೂ ಕಟ್ಟಬೇಕು.

ಆ ದಿನದ ಮಟ್ಟಿಗೆ ದಮ್ ಬಿರಿಯಾನಿ ಹಂಡೆಗೆ ಕಣಕ ಮೆತ್ತುತ್ತೇವಲ್ಲ, ಹಾಗೇ ಮುಚ್ಚಳದ ಸುತ್ತ ಗೋಧಿ ಕಣಕ ಮೆತ್ತಿ. ಚೆನ್ನಾಗಿ ಹಿಡಿಯುತ್ತದೆ. ಮುಂದಿನ ವಾರ ವೆಲ್ಡಿಂಗ್ ಅಂಗಡಿಗೆ ಹೋಗಿ ಬಾಗಿಲು ಸರಿ ಮಾಡಿಸಿ, ಮುಚ್ಚಳಕ್ಕೆ ಕಾವು ತಡೆಯುವ ಗ್ಯಾಸ್ಕೆಟ್ ಹಗ್ಗ ಅಂಟಿಸಿ. ಮಾಮೂಲಿ ರಬ್ಬರ್ ಬೇಡ, ಕರಗಿ ವಾಸನೆ ಬರುತ್ತದೆ.

ಸಂದೆಲ್ಲ ಕಟ್ಟಿದ ಮೇಲೂ ಏರುತ್ತಿದ್ದರೆ ನಿಂತ ಫ್ಯಾನಿನ ರೆಕ್ಕೆಗಳ ನಡುವಿನಿಂದಲೇ ಗಾಳಿ ನುಗ್ಗುತ್ತಿದೆ. ಹಳೆ ಕಂಪ್ಯೂಟರಿನ 120 ಮಿಲಿಮೀಟರ್ ಫ್ಯಾನ್ ಹಾಕಿದವರಿಗೆ ಇದು ಬರುತ್ತದೆ. ಬಾಯಿ ದೊಡ್ಡದು. ಒಂದು ತಗಡಿನ ತುಂಡನ್ನು ಒಂದೇ ಸ್ಕ್ರೂಗೆ ಸಿಕ್ಕಿಸಿ ಸರಿಯುವಂತೆ ಇಡಿ, ಮೂರರಲ್ಲಿ ಎರಡು ಪಾಲು ಮುಚ್ಚಿ. ಆಷಾಢದ ಗಾಳಿ ಬೀಸುವಾಗ ಇನ್ನೂ ಜಾಸ್ತಿ ಮುಚ್ಚಬೇಕು. ಫ್ಯಾನ್ ಬಾಯಿ ಪಡುವಣಕ್ಕೆ ಇದ್ದರೆ ಕಂಟ್ರೋಲರ್‌ಗೆ ಕೆಲಸವೇ ಇರುವುದಿಲ್ಲ, ಆ ಗಾಳಿಯೇ ಊದುತ್ತದೆ. ಡ್ರಮ್ ತಿರುಗಿಸಿಡಿ, ಅಥವಾ ನಾಲ್ಕು ಇಟ್ಟಿಗೆ ಅಡ್ಡ ಜೋಡಿಸಿ.

ಕಾಲವನ್ನೂ ಲೆಕ್ಕ ಹಿಡಿಯಿರಿ. ಡಿಸೆಂಬರ್ ರಾತ್ರಿಯಲ್ಲಿ ಸರಿ ಕೂತ ಕಿಂಡಿ ಏಪ್ರಿಲ್ ಮಧ್ಯಾಹ್ನಕ್ಕೆ ಜಾಸ್ತಿಯಾಗುತ್ತದೆ. ಬಿಸಿಲಿಗೆ ಡ್ರಮ್ಮೇ ಕಾದಿರುತ್ತದೆ, ಹೊರಗೆ ಹೋಗುವ ಕಾವು ಕಡಿಮೆ. ಕೆಂಡ ಕಡಿಮೆ ಸಾಕು.

ಕೊನೆಗೆ, ಶುರು ಮಾಡುವ ರೀತಿ. ಬುಟ್ಟಿ ಪೂರ್ತಿ ಕೆಂಡ ಮಾಡಿ ಆಮೇಲೆ ಕಂಟ್ರೋಲರ್ ಹಾಕಿದರೆ ಅದು ಏನೂ ಮಾಡಲಾರದು. ಹೊತ್ತಿಕೊಂಡ ಇದ್ದಲನ್ನು ಆರಿಸುವ ಕೈ ಅದಕ್ಕಿಲ್ಲ. ಎಂಟು ಹತ್ತು ತುಂಡು ಕೆಂಡ ಮಾಡಿ, ಹೊತ್ತದ ಇದ್ದಲಿನ ಮೇಲೆ ಒಂದು ಮೂಲೆಗೆ ಇಡಿ. ಫ್ಯಾನ್ ಅದನ್ನು ನಿಧಾನಕ್ಕೆ ಬೆಳೆಸಲಿ. 110 ತಲುಪಲು ಮುಕ್ಕಾಲು ಗಂಟೆ ಆದರೂ ಪರವಾಗಿಲ್ಲ.

ಈಗಾಗಲೇ 160 ಆಗಿದ್ದರೆ? ಫ್ಯಾನ್ ಬಾಯಿ ಪೂರ್ತಿ ಮುಚ್ಚಿ, ಮೇಲಿನ ಕಿಂಡಿ ಮೂರನೇ ಒಂದಕ್ಕೆ ತನ್ನಿ, ಮುಚ್ಚಳ ತೆಗೆಯದೆ ಕಾಯಿರಿ. ತೆಗೆದು ನೋಡೋಣ ಅನಿಸುತ್ತದೆ. ತೆಗೆದರೆ ಕೆಂಡಕ್ಕೆ ಗಾಳಿ ಸಿಕ್ಕಿ ಇನ್ನೂ ಏರುತ್ತದೆ. ಕೆಂಡಕ್ಕೆ ನೀರು ಎರಚಬೇಡಿ, ಬಿಸಿ ಉಗಿ ಮತ್ತು ಬೂದಿ ಕೈ ಮುಖಕ್ಕೆ ಹಾರುತ್ತವೆ. ಕೊಬ್ಬು ಸೋರಿ ಒಳಗೆ ಜ್ವಾಲೆ ಎದ್ದಿದ್ದರೆ ಫ್ಯಾನಿನ ಪ್ಲಗ್ ಕಿತ್ತು ಎಲ್ಲ ಕಿಂಡಿ ಮುಚ್ಚಿ ದೂರ ನಿಲ್ಲಿ. ಕೊಬ್ಬಿನ ಬೆಂಕಿಗೆ ನೀರು ಹಾಕಲೇಬಾರದು. ಹತ್ತಿರ ಹತ್ತಿಕಟ್ಟಿಗೆ, ಮೆಣಸಿನಕಾಯಿ ಚೀಲ ಒಣಗಿಸಿದ್ದು ಅದಕ್ಕೆ ಕಿಡಿ ತಗಲಿದರೆ 101ಕ್ಕೆ ಫೋನ್ ಮಾಡಿ.

## ಅಂಕಿ ಏರುತ್ತದೆ, ಇಳಿಯುತ್ತದೆ, ನಿಲ್ಲುವುದಿಲ್ಲ

ಐದಾರು ಡಿಗ್ರಿ ಆಚೀಚೆ ಆಡುವುದು ದೋಷವೇ ಅಲ್ಲ, ಬಿಟ್ಟುಬಿಡಿ. 95ರಿಂದ 130ಕ್ಕೆ ಓಲಾಡುತ್ತಿದ್ದರೆ ಮೊದಲು ಮುಚ್ಚಳ ಎಷ್ಟು ಸಲ ತೆಗೆದಿರಿ ಎಂದು ಎಣಿಸಿ. ತೆಗೆದಾಗ ಪ್ರೋಬ್ ತಣ್ಣಗಾಗುತ್ತದೆ, ಕಂಟ್ರೋಲರ್ ಬೆಂಕಿ ಆರಿತೆಂದು ತಿಳಿದು ಜೋರಾಗಿ ಊದುತ್ತದೆ. ಮುಚ್ಚಿದ ಮೇಲೆ ಕಾವು ಎಗರುತ್ತದೆ. ತೆಗೆಯುವ ಮುಂಚೆ ಫ್ಯಾನ್ ಆಫ್ ಮಾಡಿ, ಮುಚ್ಚಿ ಐದು ನಿಮಿಷ ಬಿಟ್ಟು ಆನ್ ಮಾಡಿ.

ನೀರಿನ ತಟ್ಟೆ ಒಣಗಿದ್ದರೂ ಹೀಗಾಗುತ್ತದೆ. ನೀರು ಇದ್ದಷ್ಟು ಹೊತ್ತು ಕಾವಿನ ಏರುಪೇರನ್ನು ಅದು ನುಂಗುತ್ತದೆ. ಇವೆರಡೂ ಅಲ್ಲದಿದ್ದರೆ ಮಾತ್ರ ಆಟೋ ಟ್ಯೂನ್ (ಯಾವಾಗ ಎಷ್ಟು ಊದಬೇಕೆಂದು ಕಂಟ್ರೋಲರ್ ತಾನೇ ಕಲಿಯುವ ಸೆಟ್ಟಿಂಗ್) ಮಾಡಿ, ಅದೂ ಬೆಂಕಿ ಒಂದು ಗಂಟೆ ನೆಲೆ ನಿಂತ ಮೇಲೆ. ಕೈಗಾರಿಕೆಯ ಚೌಕ ಡಬ್ಬಿಯ ಕಂಟ್ರೋಲರ್‌ಗಳು ಹೆಚ್ಚಾಗಿ ಕರೆಂಟ್ ಹೀಟರಿಗೆಂದು ಮಾಡಿದವು. ಹೀಟರ್ ಆಫ್ ಆದರೆ ಕಾವು ನಿಲ್ಲುತ್ತದೆ, ಕೆಂಡ ಹಾಗಲ್ಲ. ಫ್ಯಾನಿನ ಜೋರು ಕಡಿಮೆ ಮಾಡುವ ಸೆಟ್ಟಿಂಗ್ ಇದ್ದರೆ ಅರ್ಧಕ್ಕೆ ಇಳಿಸುವುದು ಟ್ಯೂನಿಂಗ್‌ಗಿಂತ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಮಾಂಸದ ಮೇಲೆ ಬೂದಿ ಹಾರುವುದೂ ನಿಲ್ಲುತ್ತದೆ.

## ಅಂಕಿ ನಂಬುವಂತಿಲ್ಲ

ಡ್ರಮ್ ಮುಟ್ಟಲಾಗದಷ್ಟು ಕಾದಿದೆ, ತೋರಿಸುವುದು 60. ಅಥವಾ ಮಾಂಸ ಹಸಿ ಇದೆ, ತೋರಿಸುವುದು 120.

ಪ್ರೋಬಿನ ತುದಿ ಎಲ್ಲಿದೆ ನೋಡಿ. ಹಸಿ ಮಾಂಸಕ್ಕೆ ತಾಗಿದ್ದರೆ ಕಡಿಮೆ ಓದುತ್ತದೆ, ಕೆಂಡದ ನೇರ ಮೇಲಿದ್ದರೆ ಜಾಸ್ತಿ. ಜಾಲರಿಯ ಮಟ್ಟದಲ್ಲಿ, ಮಾಂಸದಿಂದ ನಾಲ್ಕು ಬೆರಳು ದೂರ ಇರಲಿ. ತುದಿಗೆ ಜಿಡ್ಡು, ಮಸಿ ಮೆತ್ತಿದ್ದರೆ ಒರೆಸಿ. ವೈರಿನೊಳಕ್ಕೆ ನೀರು ಇಳಿಯದಂತೆ ನೋಡಿಕೊಳ್ಳಿ.

ಆಮೇಲೆ ನೀರಿನ ಪರೀಕ್ಷೆ. ಲೋಟದ ತುಂಬ ಪುಡಿ ಐಸ್ ಹಾಕಿ ಸ್ವಲ್ಪ ನೀರು ಬಿಟ್ಟು ಪ್ರೋಬಿನ ತುದಿ ಮಾತ್ರ ಅದ್ದಿ. ಸೊನ್ನೆಯ ಹತ್ತಿರ ಬರಬೇಕು. ಕುದಿಯುವ ನೀರಿನಲ್ಲಿ ಅದ್ದಿದರೆ 100ಕ್ಕೆ ಸ್ವಲ್ಪ ಕಡಿಮೆ ತೋರಿಸಬೇಕು. ಬಳ್ಳಾರಿ ಸಮುದ್ರ ಮಟ್ಟಕ್ಕಿಂತ ಸುಮಾರು 500 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯುವುದು 98, 98.5ಕ್ಕೆ. ಆ ಒಂದೂವರೆ ಡಿಗ್ರಿಗೆ ಪ್ರೋಬನ್ನು ಎಸೆಯಬೇಡಿ. ಎರಡೂ ಕಡೆ ಒಂದೇ ಅಳತೆಯಲ್ಲಿ ತಪ್ಪಿದರೆ ಸೆಟ್ಟಿಂಗಿನಲ್ಲಿ ಅಷ್ಟನ್ನು ಸರಿದೂಗಿಸಬಹುದು. ಒಂದು ಕಡೆ ಸರಿ, ಇನ್ನೊಂದು ಕಡೆ ದೂರ ಹೋದರೆ ಸೆನ್ಸರ್ ಮಾದರಿಯ ಸೆಟ್ಟಿಂಗ್ ತಪ್ಪಿದೆ, ಇಲ್ಲವೇ ಪ್ರೋಬ್ ಕೆಟ್ಟಿದೆ.

ಕಾದಷ್ಟೂ ಅಂಕಿ ಇಳಿಯುತ್ತಿದ್ದರೆ ಹೆದರಬೇಡಿ. ಥರ್ಮೋಕಪಲ್‌ನ (ಎರಡು ಬೇರೆ ಲೋಹದ ವೈರು ತುದಿಯಲ್ಲಿ ಸೇರಿಸಿ ಕಾವು ಅಳೆಯುವ ಬಗೆಯ ಪ್ರೋಬ್) ಎರಡು ವೈರು ಅದಲು ಬದಲಾಗಿವೆ, ತಿರುಗಿಸಿ ಹಾಕಿ. ಬಣ್ಣ ನೋಡಿ ಹೇಳಲಾಗದು, ಒಂದೊಂದು ಕಡೆ ಒಂದೊಂದು ಬಣ್ಣ. ಕೂಡು, ಕಳೆ ಗುರುತು ನೋಡಿ.

ಕಂಟ್ರೋಲರ್ ಕೆಟ್ಟಿದೆಯೋ ಪ್ರೋಬ್ ಕೆಟ್ಟಿದೆಯೋ ತಿಳಿಯಲು ಸುಲಭ ದಾರಿ ಇದೆ. ಪ್ಲಗ್ ಕಿತ್ತು ಥರ್ಮೋಕಪಲ್ ಬಿಚ್ಚಿ, ಆ ಎರಡು ತಿರುಪಿಗೆ ಒಂದು ತುಂಡು ತಾಮ್ರದ ವೈರು ಜೋಡಿಸಿ ಆನ್ ಮಾಡಿ. ಸುತ್ತಲಿನ ಗಾಳಿಯ ಕಾವು ತೋರಿಸಿದರೆ ಕಂಟ್ರೋಲರ್ ಸರಿ ಇದೆ, ಪ್ರೋಬ್ ಹೋಗಿದೆ. ನಿಮ್ಮದು ಪಿಟಿ 100 ಪ್ರೋಬ್ (ಕಾವಿಗೆ ತಕ್ಕಂತೆ ರೆಸಿಸ್ಟೆನ್ಸ್ ಬದಲಾಗುವ ಪ್ಲಾಟಿನಂ ಪ್ರೋಬ್) ಆದರೆ ಮಲ್ಟಿಮೀಟರಿನಲ್ಲಿ ಓಮ್ ಅಳೆಯಿರಿ. ಐಸಿನಲ್ಲಿ 100, ನಮ್ಮ 40 ಡಿಗ್ರಿ ಬೇಸಿಗೆಯಲ್ಲಿ ಸುಮಾರು 115 ಬರಬೇಕು.

ಇನ್ನೊಂದು ತಪ್ಪು ನಾನೇ ಮಾಡಿದ್ದು. ಥರ್ಮೋಕಪಲ್ ವೈರು ಸಾಲಲಿಲ್ಲ ಎಂದು ಡ್ರಮ್ಮಿನ ಪಕ್ಕದಲ್ಲೇ ಮಾಮೂಲಿ ತಾಮ್ರದ ವೈರು ಸೇರಿಸಿದೆ. ಕೀಲು ಕಾದಷ್ಟೂ ಅಂಕಿ ಕಡಿಮೆ ತೋರಿಸಿತು. ಕಂಟ್ರೋಲರ್ ಅದನ್ನು ನಂಬಿ ಊದಿತು. ಒಂದು ಇಡೀ ತೊಡೆ ಹೊರಗೆ ಕರಕಲು, ಒಳಗೆ ಹಸಿ. ಉದ್ದ ಬೇಕಾದರೆ ಅದೇ ಜಾತಿಯ ಥರ್ಮೋಕಪಲ್ ವೈರೇ ಬೇಕು.

## ಫ್ಯಾನ್ ನಿಲ್ಲುವುದೇ ಇಲ್ಲ, ಅಥವಾ ಶುರುವೇ ಆಗುವುದಿಲ್ಲ

ಕೊಟ್ಟ ಅಂಕಿ ದಾಟಿದ ಮೇಲೆ ಫ್ಯಾನ್ ಶುರುವಾಗುತ್ತಿದ್ದರೆ ಕಂಟ್ರೋಲರ್ ಕೂಲಿಂಗ್ ಮೋಡಿನಲ್ಲಿದೆ. ಹೀಟಿಂಗ್‌ಗೆ ಬದಲಿಸಿ.

ದಾಟಿದರೂ ನಿಲ್ಲದಿದ್ದರೆ, ಅದರಲ್ಲೂ ನೀವೇ ಜೋಡಿಸಿದ ಕಂಟ್ರೋಲರ್ ಆಗಿದ್ದರೆ, ಎಸ್‌ಎಸ್‌ಆರ್, ಅಂದರೆ ಫ್ಯಾನಿಗೆ ಕರೆಂಟ್ ಕೊಟ್ಟು ಕಡಿಯುವ ಸಾಲಿಡ್ ಸ್ಟೇಟ್ ರಿಲೇ ಎಂಬ ಸ್ವಿಚ್ಚಿನ ಮೇಲೆ ಬರೆದದ್ದನ್ನು ಓದಿ. ಅದರಲ್ಲಿ ಎರಡು ಬಗೆ. ಎಸಿ ಲೈನ್ ಆಡಿಸುವುದು ಒಂದು, ಡಿಸಿ ಆಡಿಸುವುದು ಇನ್ನೊಂದು. ನೋಡಲು ಎರಡೂ ಒಂದೇ. ಎಸಿ ಬಗೆಯದನ್ನು 12 ವೋಲ್ಟ್ ಡಿಸಿ ಫ್ಯಾನಿಗೆ ಹಾಕಿದರೆ ಒಮ್ಮೆ ಆನ್ ಆದದ್ದು ಆಫ್ ಆಗುವುದಿಲ್ಲ. ಕರೆಂಟ್ ಸೊನ್ನೆಗೆ ಇಳಿದಾಗ ಮಾತ್ರ ಅದು ಬಿಡುತ್ತದೆ. ಡಿಸಿಯಲ್ಲಿ ಕರೆಂಟ್ ಸೊನ್ನೆಗೆ ಇಳಿಯುವುದೇ ಇಲ್ಲ. ಅಂಗಡಿಯವರು ಕೊಟ್ಟದ್ದನ್ನು ನಂಬಿ ನಾನು ಮೂರು ವಾರ ಸೆಟ್ಟಿಂಗ್ ತಿರುಗಿಸಿದೆ. ಔಟ್‌ಪುಟ್ ಕಡೆ ಡಿಸಿ ಎಂದು ಬರೆದದ್ದನ್ನೇ ಕೇಳಿ ತನ್ನಿ.

ಶುರುವೇ ಆಗದ ಫ್ಯಾನನ್ನು ಬಿಚ್ಚಿ ನೇರ 12 ವೋಲ್ಟ್ ಬ್ಯಾಟರಿಗೆ ಮುಟ್ಟಿಸಿ. ತಿರುಗಿದರೆ ದೋಷ ಆಚೆ ಇದೆ. ತಿರುಗದಿದ್ದರೆ ಫ್ಯಾನ್ ಹೋಗಿದೆ. ರೆಕ್ಕೆ ಕರಗಿ ಸೊಟ್ಟಗಾಗಿದ್ದರೆ ಡ್ರಮ್ಮಿನ ಕಾವು ಹಿಂದಕ್ಕೆ ಬಂದಿದೆ. ಹೊಸ ಫ್ಯಾನ್ ಹಾಕುವಾಗ ನಡುವೆ ಒಂದಡಿ ಕಬ್ಬಿಣದ ಪೈಪ್ ಇರಲಿ. ಕರೆಂಟ್ ಹೋದಾಗಲೇ ಹೀಗೆ ಕರಗುವುದು. ಬೈಕಿನ ಹಳೆ 12 ವೋಲ್ಟ್ ಬ್ಯಾಟರಿ ಸರಿ ಇದ್ದರೆ ಇಂಥ ಪುಟ್ಟ ಫ್ಯಾನನ್ನು ಗಂಟೆಗಟ್ಟಲೆ ಓಡಿಸುತ್ತದೆ, ಜೊತೆಗಿಟ್ಟುಕೊಳ್ಳಿ.

## ಹೊಗೆ ದಟ್ಟ, ಮಾಂಸ ಕಹಿ

ತೆಳ್ಳಗೆ ನೀಲಿ ಹೊಗೆ ಬರಬೇಕು. ದಟ್ಟ ಬಿಳಿ ಹೊಗೆ ಬಂದರೆ ಹಸಿ ಕಟ್ಟಿಗೆ, ಒದ್ದೆ ಇದ್ದಲು, ಅಥವಾ ಗಾಳಿ ಕಟ್ಟಿದ ಬೆಂಕಿ. ಅದು ತಿಳಿಯಾಗುವವರೆಗೆ ಮಾಂಸ ಇಡಬೇಡಿ. ಹೊಸ ಡ್ರಮ್ ಆದರೆ ಒಳಗಿನ ಬಣ್ಣ ಪೂರ್ತಿ ಸುಟ್ಟು ಹೋಗುವಂತೆ ಖಾಲಿ ಉರಿಸಿರಬೇಕು. ರಾಸಾಯನಿಕ ತುಂಬಿದ್ದ ಡ್ರಮ್, ಸತುವಿನ ಲೇಪದ ಜಾಲರಿ ಬಳಸಲೇಬೇಡಿ.

## ನಿಲ್ಲಿಸಬೇಕಾದದ್ದು ಯಾವಾಗ

ಡ್ರಮ್ ಮುಟ್ಟಿದರೆ ಜುಮ್ ಅಂದರೆ, ವೈರು ಸುಟ್ಟ ವಾಸನೆ ಬಂದರೆ, ಫ್ಯೂಸ್ ಮತ್ತೆ ಮತ್ತೆ ಹೋದರೆ ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್ನರನ್ನು ಕರೆಯಿರಿ. ಫ್ಯೂಸಿಗೆ ದಪ್ಪ ತಂತಿ ಸುತ್ತಬೇಡಿ.

ದೋಷ ಹುಡುಕುವ ಗಡಿಬಿಡಿಯಲ್ಲಿ ಮಾಂಸ ಮರೆಯಬೇಡಿ. ಬೆಂಕಿ ಆರಿ, ಮಾಂಸದ ಒಳಗು ಇನ್ನೂ 60 ಡಿಗ್ರಿ ಮುಟ್ಟದಿದ್ದರೆ ಕೂಡಲೇ ಕುಕ್ಕರಿಗೆ ಹಾಕಿ. ನಮ್ಮ ಬೇಸಿಗೆಯಲ್ಲಿ ಅರೆಬೆಂದದ್ದು ಒಂದು ಗಂಟೆಗಿಂತ ಜಾಸ್ತಿ ಹಾಗೇ ಬಿದ್ದಿದ್ದರೆ ಬಿಸಾಡಿ, ಮನಸ್ಸಿಗೆ ಕಷ್ಟವಾದರೂ. ಕೋಳಿ ಯಾವ ಕಾರಣಕ್ಕೂ ಒಳಗೆ 74 ಡಿಗ್ರಿ ಆಗದೆ ಬಡಿಸಬೇಡಿ.

ರಿಪೇರಿಗೆ ಒಯ್ಯುವುದೇ ಆದರೆ ಕಂಟ್ರೋಲರ್ ಜೊತೆ ಪ್ರೋಬ್, ಫ್ಯಾನ್, ಅಡಾಪ್ಟರ್ ನಾಲ್ಕನ್ನೂ ಒಯ್ಯಿರಿ. ಒಂದು ಚೀಟಿಯಲ್ಲಿ ಎಷ್ಟು ಡಿಗ್ರಿ ಕೊಟ್ಟಿದ್ದಿರಿ, ಎಷ್ಟು ತೋರಿಸಿತು, ಆಗ ಫ್ಯಾನ್ ತಿರುಗುತ್ತಿತ್ತೋ ಇಲ್ಲವೋ, ಐಸ್ ಮತ್ತು ಕುದಿನೀರಿನಲ್ಲಿ ಬಂದ ಅಂಕಿ ಬರೆದಿಡಿ. ಅಂಗಡಿಯ ಮೇಜಿನ ಮೇಲೆ ಕೆಂಡ ಇರುವುದಿಲ್ಲ, ಅಲ್ಲಿ ಎಲ್ಲವೂ ಸರಿ ಇದ್ದಂತೆ ಕಾಣುತ್ತದೆ.